ಗಂಡನ ಸಹಿ, ಹೆಂಡತಿಯ ಕಾಗದ

ಮದುವೆಯಾಗಿ ಬೇರೆ ಊರಿಗೆ ಹೋಗಿ ನೆಲೆಸುವ ಹೆಣ್ಣಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ವಿಶೇಷವಾದ ಹೆಸರೇನೂ ಇಲ್ಲ. ಸೊಸೆ ಅಂದರೆ ಮುಗಿಯಿತು. ಗಂಡಸು ಹಾಗೆ ಹೋಗಿ ನೆಲೆಸಿದರೆ ಮಾತ್ರ ಅವನಿಗೊಂದು ಹೆಸರುಂಟು: ಮನೆ ಅಳಿಯ. ಅವನು ಮಾವನ ಹೊಲ ಉಳುತ್ತಾನೆ, ಮಾವನ ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಬೆಂಕಿ ಕಾದು ಹೊಗೆಸೊಪ್ಪು ಬೇಯಿಸುತ್ತಾನೆ, ಊರ ಹಬ್ಬಕ್ಕೆ ವಂತಿಗೆ ಕೊಡುತ್ತಾನೆ. ಆದರೆ ಅರಳಿಕಟ್ಟೆಯಲ್ಲಿ ಕೂತು ಯಾವುದೋ ವ್ಯಾಜ್ಯದಲ್ಲಿ ಒಂದು ಮಾತು ಜೋರಾಗಿ ಆಡಿದನೋ, ಯಾರಾದರೊಬ್ಬರು ಅವನ ಮೂಲ ಎತ್ತದೆ ಬಿಡುವುದಿಲ್ಲ. ಹೆಂಡತಿಯ ಜೊತೆ ಮನಸ್ತಾಪ ಬಂದರೆ ಮನೆ ಬಿಟ್ಟು ಹೊರಡಬೇಕಾದವನು ಅವನೇ. ಆ ಊರಿನಲ್ಲಿ ಅವನಿಗಿರುವ ಜಾಗ ಹೆಂಡತಿಯ ಮೂಲಕ ಬಂದದ್ದು ಅನ್ನುವುದನ್ನು ಊರು ಮರೆಯುವುದಿಲ್ಲ.

ದೇಶದ ಗಡಿ ದಾಟಿದ ಮೇಲೆ ಸೊಸೆಯದೂ ಇದೇ ಪಾಡು. ಪರದೇಶದ ಪ್ರಜೆಯನ್ನು ಮದುವೆಯಾಗಿ ಅಲ್ಲಿ ವಾಸದ ಹಕ್ಕು ಪಡೆಯುವವರು ಹೆಣ್ಣಾಗಲಿ ಗಂಡಾಗಲಿ, ಮೊದಲ ಕೆಲವು ವರ್ಷ ಕಾನೂನಿನ ಕಣ್ಣಿಗೆ ಅವರು ಮನೆ ಅಳಿಯನಂತೆಯೇ. ಇರುವ ಹಕ್ಕು ಸಂಗಾತಿಯ ಮೂಲಕ ಬಂದದ್ದು, ಸಂಗಾತಿಯ ಜೊತೆಗೇ ಹೋಗಿಬಿಡಬಹುದಾದದ್ದು. ಈ ದತ್ತಿ ಉಪನ್ಯಾಸದ ವಿಷಯ ಆ ಕೆಲವು ವರ್ಷಗಳು.

ಇಂಥ ಸಂಗತಿಗೆ ಅಮೆರಿಕದಿಂದಲೇ ಶುರು ಮಾಡಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲೂ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ದಶಕಗಳಿಂದ ಇದೇ ಪ್ರಶ್ನೆ ಮನೆಮನೆಯಲ್ಲಿದೆ. 1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿನವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಮೊದಲ ನೆಲೆ ಲುಗ್‌ಸುಂಗ್ ಸಮ್ಡುಪ್ಲಿಂಗ್, 1969ರಲ್ಲಿ ಎರಡನೆಯದು ಡಿಕ್ಯಿ ಲಾರ್ಸೊ, 1970ರ ದಶಕದ ಆರಂಭದಲ್ಲಿ ಗುರುಪುರದ ರಬ್ಗೆಲಿಂಗ್. ಈ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ, ಆಮೇಲೆ ರಾಜ್ಯದ ಬೇರೆ ಬಡ ಹಳ್ಳಿಗಳ ಕೆಲಸಕ್ಕೂ ಇಳಿಯಿತು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಇವೆಲ್ಲ 'ಕ್ಯಾಂಪು'. ಕ್ಯಾಂಪಿನ ಅಂಗಡಿಯಲ್ಲಿ ಕೂತ ಟಿಬೆಟನ್ ಹೆಂಗಸು ಸಂತೆಗೆ ಬಂದ ಪಿರಿಯಾಪಟ್ಟಣದವರ ಜೊತೆ ಅಚ್ಚುಕಟ್ಟಾದ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ.

ಆದರೆ ಅವಳ ಕೈಲಿರುವ ಕಾಗದ ಬೇರೆಯದು. ಒಂದು ಆರ್.ಸಿ., ಅಂದರೆ ವಿದೇಶಿಯರ ನೋಂದಣಿ ಪತ್ರ. ಅದನ್ನು ಪೊಲೀಸ್ ಇಲಾಖೆಯಲ್ಲಿ ನವೀಕರಿಸುತ್ತಲೇ ಇರಬೇಕು. ಇನ್ನೊಂದು ಐ.ಸಿ., ಅಂದರೆ ಭಾರತ ಸರ್ಕಾರ ಪಾಸ್‌ಪೋರ್ಟಿನ ಬದಲಿಗೆ ಕೊಡುವ ಗುರುತಿನ ಪುಸ್ತಕ. ಹೊದಿಕೆಯ ಬಣ್ಣದಿಂದಾಗಿ ಅದಕ್ಕೆ 'ಹಳದಿ ಪುಸ್ತಕ' ಎಂದೇ ಹೆಸರು. ಆ ಪುಸ್ತಕ ಹಿಡಿದು ವಿಮಾನ ಹತ್ತುವವರು ಮರಳಿ ಬರಲು ಅಡ್ಡಿಯಿಲ್ಲ ಎಂಬ ಮುದ್ರೆಯನ್ನೂ ಮೊದಲೇ ಹಾಕಿಸಿಕೊಳ್ಳಬೇಕು. ಹುಟ್ಟಿದ ಊರಿಗೆ ವಾಪಸು ಬರಲು ಅನುಮತಿ ಕೇಳುವುದು ಅಂದರೆ ಏನೆಂದು ಬೈಲಕುಪ್ಪೆಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಭಾರತೀಯ ಪ್ರಜೆಯನ್ನು ಮದುವೆಯಾದರೆ ಈ ಸ್ಥಿತಿ ಬದಲಾಗುತ್ತದೆಯೇ? ಆಗುತ್ತದೆ, ಆದರೆ ನಿಧಾನವಾಗಿ. ಕಾನೂನಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1955ರ ಪೌರತ್ವ ಕಾಯ್ದೆಯ 5ನೇ ಕಲಮು ಮೊದಲಿಗೆ ಭಾರತೀಯನನ್ನು ಮದುವೆಯಾದ 'ಹೆಂಗಸರಿಗೆ' ನೋಂದಣಿಯ ದಾರಿ ತೆರೆದಿತ್ತು. ಇಷ್ಟು ವರ್ಷ ಇಲ್ಲಿ ವಾಸವಾಗಿರಬೇಕೆಂಬ ಷರತ್ತು ಅದರಲ್ಲಿರಲಿಲ್ಲ, ವಿದೇಶಿ ಗಂಡನಿಗೆ ಆ ದಾರಿಯೂ ಇರಲಿಲ್ಲ. 1986ರ ತಿದ್ದುಪಡಿ 'ಹೆಂಗಸರು' ಅನ್ನುವುದನ್ನು ತೆಗೆದು 'ವ್ಯಕ್ತಿಗಳು' ಎಂದು ಮಾಡಿತು, ಜೊತೆಗೇ ಐದು ವರ್ಷದ ವಾಸವನ್ನು ಕೇಳಿತು. 2003ರ ತಿದ್ದುಪಡಿ ಐದನ್ನು ಏಳಕ್ಕೆ ಏರಿಸಿತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಣ್ಣ ಬದಲಾವಣೆ ಹೆಚ್ಚು ಜನರ ಕಣ್ಣಿಗೆ ಬೀಳದೆ ಹೋಯಿತು. ಹಳೆಯ ಪಾಠದಲ್ಲಿ ಭಾರತೀಯರನ್ನು 'ಮದುವೆಯಾಗಿರುವ ಅಥವಾ ಮದುವೆಯಾಗಿದ್ದ' ಎಂದಿತ್ತು, ಹೊಸದರಲ್ಲಿ 'ಮದುವೆಯಾಗಿರುವ' ಮಾತ್ರ ಉಳಿಯಿತು. 'ಆಗಿದ್ದ' ಎಂಬ ಒಂದು ಮಾತು ಬಿದ್ದುಹೋದದ್ದರಿಂದ ಗಂಡನನ್ನು ಕಳೆದುಕೊಂಡವರಿಗೂ ಬಿಟ್ಟುಬಂದವರಿಗೂ ಆ ಬಾಗಿಲು ಕಿರಿದಾಯಿತು. ಕಾನೂನಿನಲ್ಲಿ ಒಂದು ಕ್ರಿಯಾಪದದ ಕಾಲ ಬದಲಾದರೆ ಒಬ್ಬಳ ಬಾಳೇ ಬದಲಾಗುತ್ತದೆ.

ಈ ಕಲಮಿನ ಹೆಸರು ಕರ್ನಾಟಕದ ಜನಸಾಮಾನ್ಯರ ಬಾಯಿಗೆ ಬಂದದ್ದು 1999ರಲ್ಲಿ. ಸೋನಿಯಾ ಗಾಂಧಿ ಬಳ್ಳಾರಿಯಿಂದ ಲೋಕಸಭೆಗೆ ನಿಂತರು, ಎದುರಾಳಿಯಾಗಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಭಾಷಣ ಮಾಡಿದರು, ವಿದೇಶಿ ಮೂಲದ ಸೊಸೆ ಅನ್ನುವುದೇ ಚುನಾವಣೆಯ ವಿಷಯವಾಯಿತು. ಸೋನಿಯಾ ಮದುವೆಯಾದದ್ದು 1968ರ ಫೆಬ್ರವರಿಯಲ್ಲಿ, ನೋಂದಣಿಯ ಮೂಲಕ ಭಾರತದ ಪ್ರಜೆಯಾದದ್ದು 1983ರ ಏಪ್ರಿಲ್ 30ರಂದು. ಹದಿನೈದು ವರ್ಷದ ಅಂತರ ಸರಿಯೋ ತಪ್ಪೋ ಎಂದು ಆಗ ಹೋಟೆಲು ಹೋಟೆಲುಗಳಲ್ಲಿ ವಾದ ನಡೆಯಿತು. ಬಳ್ಳಾರಿಯ ಮತದಾರರು ಐವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಅವರನ್ನು ಗೆಲ್ಲಿಸಿದರು. ರಾಜಕೀಯವನ್ನು ಪಕ್ಕಕ್ಕಿಟ್ಟು ನೋಡಿದರೆ ಆ ಚುನಾವಣೆ ಒಂದು ವಿಷಯವನ್ನು ಕಲಿಸಿತು: ಸೊಸೆಯಾಗಿ ಬಂದವರು ಪ್ರಜೆಯಾಗುವುದಕ್ಕೆ ಕಾನೂನಿನ ಒಂದು ಬಾಗಿಲಿದೆ, ಅದಕ್ಕೊಂದು ಅರ್ಜಿ ಇದೆ, ಒಂದು ತಾರೀಖು ಇದೆ.

ಗುರುಪುರದ ಕ್ಯಾಂಪಿನ ಹುಡುಗಿಗೆ ಆ ಬಾಗಿಲಿಗಿಂತ ಮೊದಲು ಇನ್ನೊಂದು ಬಾಗಿಲಿತ್ತು, ಅದು ಇದೆಯೆಂದೇ ಬಹಳ ಕಾಲ ಯಾರೂ ಹೇಳಿರಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರೆಲ್ಲ, ತಂದೆ ತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ನಮ್ಗ್ಯಾಲ್ ಡೋಲ್ಕರ್ ಎಂಬ ಟಿಬೆಟನ್ ಯುವತಿ ಹುಟ್ಟಿದ್ದು 1986ರಲ್ಲಿ ಕಾಂಗ್ರಾದಲ್ಲಿ. ಪಾಸ್‌ಪೋರ್ಟ್ ನಿರಾಕರಿಸಿದಾಗ ಅವರು ದೆಹಲಿ ಹೈಕೋರ್ಟಿಗೆ ಹೋದರು, 2010ರ ಡಿಸೆಂಬರಿನಲ್ಲಿ ಗೆದ್ದರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಲಿಂಗ್ ರಿಂಪೋಚೆಯವರ ಅರ್ಜಿಯಲ್ಲಿ ಇದೇ ನಿಲುವು ತಾಳಿತು. ಅಂದರೆ ಟಿಬೆಟ್‌ನಲ್ಲಿ ಹುಟ್ಟಿದ ಅಪ್ಪ ಅಮ್ಮನಿಗೆ 1986ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ತಮ್ಮ ಭಾರತೀಯನಲ್ಲ. ತಮ್ಮನಿಗೆ ಉಳಿದ ದಾರಿಗಳಲ್ಲಿ ಮದುವೆಯೂ ಒಂದು.

2017ರಲ್ಲಿ ವಿದೇಶಾಂಗ ಸಚಿವಾಲಯ ಆ ಅಕ್ಕನಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿದಾಗ ಷರತ್ತುಗಳೂ ಬಂದವು. ಆರ್.ಸಿ. ಮತ್ತು ಹಳದಿ ಪುಸ್ತಕ ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸ ಮಾಡಕೂಡದು, ಅಲ್ಲಿನ ಸೌಲಭ್ಯ ಬಿಡಬೇಕು. ಪ್ರಜೆಯಾಗಬೇಕಾದರೆ ಹುಟ್ಟಿದ ಮನೆಯ ಹೊಸ್ತಿಲು ದಾಟಬೇಕು. ಬಹಳ ಜನ ಹಿಂದೆ ಸರಿದರು. ದೇಶವಿಲ್ಲದವರಾಗಿ ಉಳಿಯುವುದೇ ಟಿಬೆಟ್‌ಗೆ ತೋರುವ ನಿಷ್ಠೆ ಎಂದು ನಂಬಿದ ಹಿರಿಯರೂ ಆ ಮನೆಗಳಲ್ಲಿದ್ದಾರೆ. ಆ ನಂಬಿಕೆಯನ್ನು ಹೊರಗಿನವರು ಗೌರವದಿಂದ ನೋಡಬೇಕು, ಯಾಕೆಂದರೆ ಅದಕ್ಕೆ ಅವರು ತೆತ್ತಿರುವ ಬೆಲೆ ಸಣ್ಣದಲ್ಲ.

ಈ ನಡುವೆ ಹೊರಗೆ ಹೋಗುವ ದಾರಿ ತೆರೆದುಕೊಂಡಿತು. ಅಮೆರಿಕದ 1990ರ ವಲಸೆ ಕಾಯ್ದೆ ಭಾರತ ಮತ್ತು ನೇಪಾಳದಲ್ಲಿದ್ದ ಒಂದು ಸಾವಿರ ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಮೊದಲು ಹೋದವರು ಒಂಟಿಯಾಗಿ ಹೋದರು, ಹೆಂಡತಿ ಮಕ್ಕಳು ವರ್ಷಗಳ ನಂತರ ಹಿಂಬಾಲಿಸಿದರು. ಆ ಸಾವಿರ ಜನ ಪ್ರಜೆಗಳಾದ ಮೇಲೆ ಕ್ಯಾಂಪುಗಳಿಂದ ವಧುವನ್ನೋ ವರನನ್ನೋ ಕರೆಸಿಕೊಳ್ಳುವ ದಾರಿ ಕಾನೂನುಬದ್ಧವಾಗಿಯೇ ಸಿಕ್ಕಿತು. ಟಿಬೆಟನ್ ಆಡಳಿತ 2009ರಲ್ಲಿ ಮಾಡಿದ ಗಣತಿಯಲ್ಲಿ ಭಾರತದಲ್ಲಿದ್ದವರು 94 ಸಾವಿರಕ್ಕೂ ಹೆಚ್ಚು. ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಬಂದಿದೆ.

ಕ್ಯಾಂಪಿನಿಂದ ಆಚೆ, ಕಟ್ಟೆಮಳಲವಾಡಿಯ ತಂಬಾಕು ಹರಾಜು ಕಟ್ಟೆಯ ಸುತ್ತಲಿನ ಊರುಗಳಿಗೆ, ಚುಂಚನಕಟ್ಟೆಯ ನಾಲೆ ಬಯಲಿನ ಭತ್ತದ ಊರುಗಳಿಗೆ ಬಂದರೆ ಮಾತು ಬೇರೆ. ಇಲ್ಲಿನ ಮಕ್ಕಳಿಗೆ ಪಾಸ್‌ಪೋರ್ಟಿನ ಹಕ್ಕಿನ ಬಗ್ಗೆ ಯಾರ ತಕರಾರೂ ಇಲ್ಲ. ಇಂಜಿನಿಯರಿಂಗ್, ನರ್ಸಿಂಗ್ ಓದಿದ ಹೆಣ್ಣುಮಕ್ಕಳಿಗೆ ಹೊರಗಿನ ಸಂಬಂಧಗಳು ಬರುತ್ತವೆ. ಹೆಣ್ಣು ನೋಡಲು ಬಂದ ದಿನ ಕಾಫಿ ಲೋಟ ಕೆಳಗಿಡುವ ಮೊದಲೇ ಸೋದರಮಾವ ಕೇಳುವ ಪ್ರಶ್ನೆ ಈಗ ಇದು:

"ಹುಡುಗನದು ಎಚ್-ಒನ್ನಾ, ಗ್ರೀನ್ ಕಾರ್ಡಾ, ಸಿಟಿಜನ್ನಾ ಯಜಮಾನ್ರೆ?"

"ಸಿಟಿಜನ್ ಆಗಿ ಎರಡು ವರ್ಷ ಆಯ್ತು. ನಿಮ್ಮ ಮಗಳಿಗೆ ಏನೂ ತೊಂದರೆ ಇಲ್ಲ ಬುಡಿ."

ಸೋದರಮಾವ ಕೇಳಿದ ಪ್ರಶ್ನೆ ಸರಿಯಾದದ್ದೇ. ಅಮೆರಿಕದಲ್ಲಿ ಕೆಲಸದ ಮೂಲಕ ಗ್ರೀನ್ ಕಾರ್ಡ್ ಕೇಳುವವರಿಗೆ ಹುಟ್ಟಿದ ದೇಶದ ಲೆಕ್ಕದಲ್ಲಿ ಶೇ. 7ರ ಮಿತಿ ಇದೆ, ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಳಷ್ಟು ಉದ್ದವಾಗಿದೆ. ಪ್ರಜೆಯ ಗಂಡ ಅಥವಾ ಹೆಂಡತಿಗೆ ಆ ಸಾಲೇ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಎಚ್-1, ಅಂದರೆ ಕೆಲಸದ ವೀಸಾದ ಮೇಲಿರುವ ಗಂಡನ ಹೆಂಡತಿಗೆ ಸಿಗುವುದು ಎಚ್-4, ಅದು ಗಂಡನ ಕೆಲಸಕ್ಕೆ ಕಟ್ಟಿದ ಕಾಗದ. 2015ರಿಂದ ಈಚೆಗೆ ಅವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ಸಿಕ್ಕಿದೆ, ಎಲ್ಲರಿಗಲ್ಲ. 2017ರ ಫೆಬ್ರವರಿಯಲ್ಲಿ ಕಾನ್ಸಾಸ್ ರಾಜ್ಯದ ಒಲೇಥದಲ್ಲಿ ಶ್ರೀನಿವಾಸ್ ಕುಚಿಭೋಟ್ಲ ಎಂಬ ಇಂಜಿನಿಯರನ್ನು ಗುಂಡಿಕ್ಕಿ ಕೊಂದಾಗ ಪತ್ನಿ ಸುನಯನಾ ದುಮಲ ಗಂಡನ ಜೊತೆಗೇ ಅಲ್ಲಿ ಇರುವ ಹಕ್ಕನ್ನೂ ಕಳೆದುಕೊಂಡರು. ಅಂತ್ಯಕ್ರಿಯೆಗೆ ಹೈದರಾಬಾದಿಗೆ ಬಂದ ಆ ಹೆಣ್ಣುಮಗಳು ಮರಳಿ ತನ್ನ ಮನೆಗೆ ಹೋಗಲು ಅಲ್ಲಿನ ಸಂಸದರೊಬ್ಬರು ನಡುವೆ ಬರಬೇಕಾಯಿತು.

ಹಾಗಾದರೆ ಸಿಟಿಜನ್ ಗಂಡನಾದರೆ ತೊಂದರೆ ಇಲ್ಲವೇ? ಅದಕ್ಕೆ ಉತ್ತರ ಹೇಳುವ ಮೊದಲು ಕಾಗದದ ಕೆಲಸ ಒಂದಿಷ್ಟಿದೆ. ಮೊದಲ ಎಡವು ಹೆಸರಿನದು. ಹಳೆ ಮೈಸೂರಿನ ಕಡೆ ಮನೆತನದ ಹೆಸರು ಬರೆಯುವ ರೂಢಿ ಬಹಳ ಮನೆಗಳಲ್ಲಿಲ್ಲ. ಹೆಸರಿನ ಜೊತೆ ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ 'ಸರ್‌ನೇಮ್' ಅನ್ನುವ ಖಾನೆ ಖಾಲಿ ಬಿಟ್ಟು 'ಕಾವ್ಯ' ಎಂದಷ್ಟೇ ಬರೆಸಿದರೆ ಅಮೆರಿಕದ ವೀಸಾದಲ್ಲಿ ಕಾವ್ಯ ಅನ್ನುವುದೇ ಮನೆತನದ ಹೆಸರಾಗುತ್ತದೆ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ನಾಮಕರಣ ಮಾಡಿ ಕಿವಿಯಲ್ಲಿ ಮೂರು ಸಲ ಉಸುರಿದ ಹೆಸರು ಅಲ್ಲಿ 'ಗೊತ್ತಿಲ್ಲ' ಆಗಿಬಿಡುತ್ತದೆ. ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಅವಳನ್ನು ಕೂಗುವುದು ಅದೇ ಮೂರಕ್ಷರದಿಂದ. ಮದುವೆಗೆ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಖಾನೆ ತುಂಬಿಸಿಕೊಂಡವರಿಗೆ ಈ ಪಾಡು ತಪ್ಪುತ್ತದೆ.

ಎರಡನೆಯದು ಮದುವೆಯ ಕಾಗದ. ಛತ್ರದಲ್ಲಿ ಐನೂರು ಜನ ಊಟ ಮಾಡಿ ಹೋದದ್ದು ಯಾವ ದೂತಾವಾಸಕ್ಕೂ ಸಾಕ್ಷಿಯಲ್ಲ. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಬೇಕು. ಗಂಡು ಹೆಣ್ಣಿನ ಧರ್ಮ ಬೇರೆಯಾಗಿ 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಮದುವೆಯಾಗುವುದಾದರೆ ಮೂವತ್ತು ದಿನದ ನೋಟಿಸು ಕಚೇರಿಯ ಫಲಕದ ಮೇಲೆ ಇರಬೇಕು, ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಾಗಿರಬೇಕು. ಮೂರು ವಾರದ ರಜೆ ಹಾಕಿ ಬಂದ ವರ ಈ ಲೆಕ್ಕ ಗೊತ್ತಿಲ್ಲದೆ ಮದುವೆಯನ್ನೇ ಮುಂದೂಡಬೇಕಾಗುತ್ತದೆ. ಮೂರನೆಯದು ಜನನ ಪ್ರಮಾಣಪತ್ರ. ಹೆರಿಗೆ ಮನೆಯಲ್ಲೇ ಆದ ಕಾಲದವರಿಗೆ, ಜೂನ್ ತಿಂಗಳ ಯಾವುದೋ ತಾರೀಖನ್ನು ಮೇಷ್ಟ್ರೇ ಬರೆದು ಶಾಲೆಗೆ ಸೇರಿಸಿಕೊಂಡ ಕಾಲದವರಿಗೆ ಅದು ಸಿಗುವುದು ಕಷ್ಟ.

ಇಷ್ಟೆಲ್ಲ ಕೇಳುವ ದೇಶಗಳು ಹಿಂದೆ ಏನೇನು ಮಾಡಿವೆ ಅನ್ನುವುದೂ ತಿಳಿದಿರಬೇಕು. 1922ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು: ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಉಳಿಸಿಕೊಳ್ಳಬಹುದು, ಆದರೆ ಆ ಗಂಡ ಅಮೆರಿಕದ ಪ್ರಜೆಯಾಗಲು ಅರ್ಹನಲ್ಲದ ಜನಾಂಗದವನಾದರೆ ಕಳೆದುಕೊಳ್ಳುತ್ತಾಳೆ. ಮರುವರ್ಷವೇ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಆಗ ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸ್ ಅವರ ಅಮೆರಿಕನ್ ಪತ್ನಿ ಮೇರಿ ತಾನು ಹುಟ್ಟಿದ ದೇಶದಲ್ಲೇ ಪರದೇಶಿಯಾದರು. ಮದುವೆ ವಾಸದ ಹಕ್ಕು ಕೊಡುವ ಮಾತಿರಲಿ, ಇದ್ದ ಹಕ್ಕನ್ನೇ ಕಿತ್ತುಕೊಂಡ ಕಾಲ ಅದು. ಆ ಷರತ್ತು ಹೋದದ್ದು 1931ರಲ್ಲಿ.

ಬ್ರಿಟನ್ನಿನ ಕಥೆ ಇನ್ನೂ ಕಹಿ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದ ಭಾರತದ ಶಾಲಾ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಆಗಿನ ನಿಯಮದಲ್ಲಿ ಹೆಂಡತಿಯಾಗಿ ಹೋಗುವವರಿಗೆ ಮೊದಲೇ ಅನುಮತಿ ಬೇಕು, ನಿಶ್ಚಯವಾದ ವಧುವಿಗೆ ಬೇಡ. ಈಕೆ ನಿಜಕ್ಕೂ ಮದುವೆಯಾಗದವಳೇ ಎಂದು ತಿಳಿಯಲು ಅಧಿಕಾರಿಗಳಿಗೆ ತೋಚಿದ ದಾರಿ ಅದು. ಪತ್ರಿಕೆಯಲ್ಲಿ ಸುದ್ದಿ ಬಂದು ಭಾರತದಲ್ಲಿ ಕೋಲಾಹಲವಾದ ಮೇಲೆ ಪರೀಕ್ಷೆ ನಿಂತಿತು. ಇಂಥವು ಸುಮಾರು 80 ನಡೆದಿದ್ದವು, ಹೆಚ್ಚಿನವು ಭಾರತ ಉಪಖಂಡದಲ್ಲೇ ವೀಸಾ ಕೊಡುವ ಕಚೇರಿಗಳಲ್ಲಿ ಎಂದು ದಶಕಗಳ ನಂತರ ಹಳೆಯ ಕಡತ ತೆಗೆದ ಸಂಶೋಧಕರು ತೋರಿಸಿದರು. ಆ ಶಿಕ್ಷಕಿಯ ಜಾಗದಲ್ಲಿ ಯಾವ ಊರಿನ ಮಗಳಾದರೂ ಇರಬಹುದಿತ್ತು.

ಆಮೇಲೆ ಬಂದದ್ದು 'ಮುಖ್ಯ ಉದ್ದೇಶ'ದ ನಿಯಮ. ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ ಎಂದು ಅರ್ಜಿದಾರರೇ ಸಾಬೀತು ಮಾಡಬೇಕಿತ್ತು. ಮನಸ್ಸಿನಲ್ಲಿ ಇಲ್ಲದ್ದನ್ನು ಇಲ್ಲ ಎಂದು ಕಾಗದದ ಮೇಲೆ ತೋರಿಸುವುದು ಹೇಗೆ? ಅಪ್ಪ ಅಮ್ಮ ನೋಡಿ ನಿಶ್ಚಯಿಸಿದ ಮದುವೆಗಳೇ ಇದರಲ್ಲಿ ಹೆಚ್ಚು ಸಿಕ್ಕಿಬಿದ್ದವು. 1985ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅಬ್ದುಲ್ ಅಜೀಜ್, ಕಬಾಲೆಸ್, ಬಲ್ಕಂಡಲಿ ಎಂಬ ಮೂವರು ಹೆಂಗಸರ ಮೊಕದ್ದಮೆಯಲ್ಲಿ, ಗಂಡಸರು ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭ, ಹೆಂಗಸರು ಗಂಡನನ್ನು ಕರೆಸಿಕೊಳ್ಳುವುದು ಕಷ್ಟ ಎಂಬ ಭೇದ ತಪ್ಪೆಂದಿತು. ಬ್ರಿಟನ್ ಭೇದ ತೆಗೆದದ್ದು ಹೇಗೆಂದರೆ, ಹೆಂಡತಿಯರಿಗೂ ಅಷ್ಟೇ ಕಷ್ಟ ಮಾಡಿತು. ಆ ನಿಯಮವನ್ನು ತೆಗೆದುಹಾಕಿದ್ದು 1997ರಲ್ಲಿ. ಈಗ ಅದರ ಜಾಗದಲ್ಲಿ ವರಮಾನದ ನಿಯಮವಿದೆ: 2012ರಿಂದ ವರ್ಷಕ್ಕೆ 18,600 ಪೌಂಡ್ ಇದ್ದದ್ದು 2024ರ ಏಪ್ರಿಲಿನಲ್ಲಿ 29,000ಕ್ಕೆ ಏರಿತು. ಅಷ್ಟು ದುಡಿಯದ ಪ್ರಜೆಗೆ ತನ್ನ ಹೆಂಡತಿಯನ್ನು ಕರೆಸಿಕೊಳ್ಳುವುದು ಆಗುವುದಿಲ್ಲ. ಜರ್ಮನಿ 2007ರಿಂದ ಭಾಷೆಯನ್ನು ಕೇಳುತ್ತದೆ. ಗಂಡನ ಮನೆಗೆ ಹೋಗುವ ಮೊದಲೇ ಎ-1 ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಬೇಕು.

ಸೋದರಮಾವನ ಪ್ರಶ್ನೆಗೆ ಈಗ ಬರಬಹುದು. ಅಮೆರಿಕದ ಪ್ರಜೆಯ ಹೆಂಡತಿಯಾಗಿ ಇಳಿದ ದಿನ ಮದುವೆಗೆ ಎರಡು ವರ್ಷ ತುಂಬಿಲ್ಲದಿದ್ದರೆ ಅವಳಿಗೆ ಸಿಗುವ ಗ್ರೀನ್ ಕಾರ್ಡ್ ಹತ್ತು ವರ್ಷದ್ದಲ್ಲ, ಎರಡು ವರ್ಷದ್ದು. ಕಾರ್ಡಿನ ಮೇಲೆ ಸಣ್ಣದಾಗಿ 'ಸಿಆರ್' ಎಂದಿರುತ್ತದೆ, ಷರತ್ತಿನ ವಾಸ ಎಂದು ಅದರ ಅರ್ಥ. 1986ರ ಕಾನೂನು ತಂದ ಏರ್ಪಾಡು ಇದು. ಎರಡು ವರ್ಷ ಮುಗಿಯುವ ಮೊದಲಿನ ತೊಂಬತ್ತು ದಿನದೊಳಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಐ-751 ಎಂಬ ಅರ್ಜಿ ಕೊಡಬೇಕು. ಇಬ್ಬರೂ ಅನ್ನುವ ಆ ಮಾತಿನಲ್ಲಿ ಎಲ್ಲವೂ ಇದೆ. ಸಂಸಾರ ಚೆನ್ನಾಗಿದ್ದರೆ ಅದೊಂದು ಕಾಗದ, ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಮುಗಿಯುವ ಕೆಲಸ. ಚೆನ್ನಾಗಿಲ್ಲದಿದ್ದರೆ ಆ ಒಂದು ಸಹಿ ಗಂಡನ ಕೈಯ ಬೆತ್ತವಾಗುತ್ತದೆ. 'ಸಹಿ ಹಾಕಲ್ಲ, ಊರಿಗೆ ಹೋಗ್ತೀಯಾ' ಎಂದು ಒಂದು ಸಲ ಅಂದರೆ ಸಾಕು, ಎರಡು ವರ್ಷ ಅವಳು ಬಾಯಿ ಮುಚ್ಚಿಕೊಂಡಿರುತ್ತಾಳೆ. ಕೆ.ಆರ್. ನಗರದಲ್ಲಿ ಫೋನು ಹಿಡಿದು ಕೂತ ತಾಯಿಗೆ 'ಚೆನ್ನಾಗಿದ್ದೀನಿ ಕಣಮ್ಮ' ಎಂದೇ ಹೇಳುತ್ತಾಳೆ.

ದೇಶಗಳು ಇದಕ್ಕೆ ಕೊಡುವ ಕಾರಣ ಸುಳ್ಳಲ್ಲ. ದುಡ್ಡು ಕೊಟ್ಟು ಕಾಗದದ ಮದುವೆ ಮಾಡಿಕೊಳ್ಳುವವರು ಇದ್ದಾರೆ, ಅಮೆರಿಕದಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರಿನವರೆಗೆ ದಂಡ ಇದೆ. ಅಂಥ ದಾರಿ ತೋರಿಸುವ ದಲ್ಲಾಳಿಗಳ ಮಾತಿಗೆ ಯಾವ ಮನೆಯವರೂ ಕಿವಿಗೊಡಬಾರದು, ಒಮ್ಮೆ ಸಿಕ್ಕಿಬಿದ್ದವರಿಗೆ ಮುಂದೆ ನಿಜವಾದ ಮದುವೆಯಾದರೂ ಬಾಗಿಲು ಮುಚ್ಚಿಯೇ ಇರುತ್ತದೆ. ಆದರೆ 1986ರ ಕಾನೂನಿಗೆ ಆಧಾರವಾಗಿ ವಲಸೆ ಇಲಾಖೆ ಹೇಳಿದ್ದು ನೂರಕ್ಕೆ ಮೂವತ್ತು ಮದುವೆಗಳು ಸುಳ್ಳು ಎಂದು. ಆ ಲೆಕ್ಕ ತೆಗೆದ ಸಮೀಕ್ಷೆಯೇ ಸರಿಯಾದದ್ದಲ್ಲ ಅನ್ನುವುದು ಆಮೇಲೆ ನ್ಯಾಯಾಲಯದಲ್ಲಿ ಬಯಲಾಯಿತು. ಸಂಶಯದ ಮೇಲೆ ಕಟ್ಟಿದ ನಿಯಮದ ಭಾರ ಬಿದ್ದದ್ದು ನಿಜವಾಗಿ ಮದುವೆಯಾಗಿ, ಗಂಡನ ಕೈಲಿ ಪೆಟ್ಟು ತಿನ್ನುವ ಹೆಂಗಸಿನ ಮೇಲೆ.

ಕೆನಡಾ ಇದನ್ನು ಮಾಡಿ ನೋಡಿ ಕಲಿತುಕೊಂಡ ದೇಶ. 2012ರ ಅಕ್ಟೋಬರಿನಲ್ಲಿ ಎರಡು ವರ್ಷದ ಷರತ್ತನ್ನು ತಂದಿತು, 2017ರ ಏಪ್ರಿಲಿನಲ್ಲಿ ತೆಗೆದುಹಾಕಿತು. ಹೊಡೆತ ತಿನ್ನುವ ಹೆಂಗಸರು ಗಡೀಪಾರಿನ ಹೆದರಿಕೆಯಿಂದ ಅದೇ ಮನೆಯಲ್ಲಿ ಉಳಿಯುತ್ತಿದ್ದಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಜರ್ಮನಿ ಮಾಡಿದ್ದು ತಿರುಗುಮುರುಗು. ಗಂಡನಿಂದ ಬೇರೆಯಾದರೂ ಸ್ವಂತವಾಗಿ ಇರುವ ಹಕ್ಕು ಸಿಗಲು ಮೊದಲು ಎರಡು ವರ್ಷದ ಸಂಸಾರ ಸಾಕಿತ್ತು, 2011ರಲ್ಲಿ ಅದನ್ನು ಮೂರು ಮಾಡಿತು. ಎರಡರಲ್ಲಿ ಕೆನಡಾದ ದಾರಿಯೇ ಸರಿ. ಗಡಿ ದಾಟಿ ಬಂದವಳ ವಾಸದ ಕಾಗದ ಅವಳ ಹೆಸರಿನಲ್ಲಿ, ಅವಳ ಸಹಿಯ ಮೇಲೆ ನಿಲ್ಲಬೇಕು. ಮದುವೆ ನಿಜವೋ ಅಲ್ಲವೋ ಎಂದು ಸರ್ಕಾರ ಮೊದಲ ದಿನವೇ ಎಷ್ಟು ಬೇಕಾದರೂ ವಿಚಾರಿಸಲಿ. ವಿಚಾರಿಸಿ ಒಪ್ಪಿದ ಮೇಲೆ ಆ ಸಂಶಯದ ಹಗ್ಗವನ್ನು ಗಂಡನ ಕೈಗೆ ಕೊಟ್ಟು ಹೋಗುವುದು ನ್ಯಾಯವಲ್ಲ.

ಅಮೆರಿಕದ ಕಾನೂನಿನಲ್ಲೂ ಕಿಟಕಿಗಳಿವೆ, ಅವು ಹುಣಸೂರಿನ ಮನೆಗಳಿಗೆ ತಿಳಿದಿರಬೇಕು. ಐ-751 ಅರ್ಜಿಯಲ್ಲೇ ಒಂಟಿಯಾಗಿ ಸಹಿ ಹಾಕುವ ಖಾನೆಗಳಿವೆ: ನಿಜವಾದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ, ಗಂಡ ಹಿಂಸೆ ಕೊಟ್ಟಿದ್ದರೆ, ಗಂಡ ಸತ್ತಿದ್ದರೆ. ಗ್ರೀನ್ ಕಾರ್ಡಿಗೆ ಅರ್ಜಿಯನ್ನೇ ಹಾಕದೆ ಸತಾಯಿಸುವ ಗಂಡನಿದ್ದರೆ, ಹಿಂಸೆಗೆ ಒಳಗಾದ ಹೆಂಡತಿ ತಾನೇ ಅರ್ಜಿ ಹಾಕುವ ದಾರಿಯನ್ನು 1994ರ ಕಾನೂನು ಕೊಟ್ಟಿತು. ಮದುವೆಯಾಗಿ ಎರಡು ವರ್ಷದೊಳಗೆ ಗಂಡ ತೀರಿಕೊಂಡರೆ ಅರ್ಜಿಯೂ ಸಾಯುತ್ತಿದ್ದ ಕ್ರೂರ ನಿಯಮ 2009ರ ಅಕ್ಟೋಬರಿನಲ್ಲಿ ಹೋಯಿತು. ಇನ್ನೊಂದು ಸಂಗತಿ ಅಲ್ಲಿ ನೆಲೆಸಿದವರಿಗೂ ಅಷ್ಟಾಗಿ ಗೊತ್ತಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳುವ ಗಂಡ ಐ-864 ಎಂಬ ಮುಚ್ಚಳಿಕೆ ಬರೆದುಕೊಡುತ್ತಾನೆ. ಅವಳ ಹೊಟ್ಟೆಬಟ್ಟೆಗೆ ಬಡತನ ರೇಖೆಯ ಶೇ. 125ರಷ್ಟನ್ನು ನೋಡಿಕೊಳ್ಳುವ ಹೊಣೆ ತನ್ನದು ಎಂದು. ವಿಚ್ಛೇದನವಾದರೂ ಆ ಹೊಣೆ ಮುಗಿಯುವುದಿಲ್ಲ, ಅವಳು ನ್ಯಾಯಾಲಯದಲ್ಲಿ ಅದನ್ನು ವಸೂಲು ಮಾಡಬಹುದು.

ಪರದೇಶಗಳ ಕಡೆ ಬೆರಳು ತೋರಿಸುವಾಗ ಭಾರತವನ್ನು ಬಿಡುವಂತಿಲ್ಲ. ಮೈಸೂರಿಗೆ ಯೋಗ ಕಲಿಯಲು ಬಂದು ಇಲ್ಲಿನವರನ್ನೇ ಮದುವೆಯಾಗಿ ಉಳಿಯುವ ವಿದೇಶಿಯರಿಗೆ ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಸಾಗರೋತ್ತರ ಭಾರತೀಯ ಪೌರ, ಅಂದರೆ ಓಸಿಐ, ಕಾರ್ಡ್ ಸಿಗುತ್ತದೆ. 2015ರ ತಿದ್ದುಪಡಿ ಅದರ ಜೊತೆಗೇ ಹೇಳಿತು: ವಿಚ್ಛೇದನವಾದರೆ ಕಾರ್ಡನ್ನು ರದ್ದು ಮಾಡಬಹುದು. ಹದಿನೈದು ವರ್ಷ ಇಲ್ಲಿ ಸಂಸಾರ ಮಾಡಿ ಮಕ್ಕಳನ್ನು ಬೆಳೆಸಿದವಳಾದರೂ ಅಷ್ಟೇ. ಎಚ್.ಡಿ. ಕೋಟೆಯ ರೈತನನ್ನು ಮದುವೆಯಾಗಿ ಗಂಡನ ಜೊತೆ ಹೊಲದಲ್ಲಿ ದುಡಿದರೂ ಓಸಿಐ ಕಾರ್ಡಿನವಳು ಸ್ವಂತ ಹೆಸರಿನಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ.

2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿ ಕೊಟ್ಟಿತು. ಆಗ ಆಯೋಗದ ಅಧ್ಯಕ್ಷರು ನ್ಯಾಯಮೂರ್ತಿ ಋತುರಾಜ್ ಅವಸ್ಥಿ, ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಅನಿವಾಸಿಯರ ಜೊತೆ, ಓಸಿಐಗಳ ಜೊತೆ ಆಗುವ ಮದುವೆ ಇಲ್ಲೇ ಕಡ್ಡಾಯವಾಗಿ ನೋಂದಣಿಯಾಗಬೇಕು, ಪಾಸ್‌ಪೋರ್ಟಿನಲ್ಲಿ ಮದುವೆಯ ಸ್ಥಿತಿ, ಸಂಗಾತಿಯ ಪಾಸ್‌ಪೋರ್ಟ್ ಸಂಖ್ಯೆ, ಮದುವೆಯ ನೋಂದಣಿ ಸಂಖ್ಯೆ ಇರಬೇಕು ಎಂದು ಅದರ ಶಿಫಾರಸು. 2019ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದ ಮಸೂದೆ ಸಾಲದು, ಸಮಗ್ರವಾದ ಕಾನೂನು ಬೇಕು ಎಂದಿತು ಆಯೋಗ. ಅಲ್ಲಿಯವರೆಗೆ ನೋಂದಣಿ ಮಾಡಿಸುವ ಹೊಣೆ ಹೆಣ್ಣಿನ ಮನೆಯವರ ಮೇಲೇ ಇದೆ.

ಮಡಿಲಕ್ಕಿ ಕಟ್ಟಿ ಕಳಿಸುವ ದಿನ ಅಜ್ಜಿ ಹೇಳುವ ಮಾತುಗಳಲ್ಲಿ ಈಗ ಒಂದು ಹೊಸದು ಸೇರಿದೆ: "ನಿನ್ ಪಾಸ್‌ಪೋರ್ಟು ನಿನ್ ಬೀರುವಿನಾಗೇ ಇರ್ಲಿ ಕಣವ್ವ, ಯಾರ ಕೈಗೂ ಕೊಡ್‌ಬ್ಯಾಡ." ಅದಕ್ಕೆ ಇನ್ನೂ ಮೂರು ಸೇರಿಸಬೇಕು. ಹೋದ ಮೊದಲ ತಿಂಗಳಲ್ಲೇ ಬಾಡಿಗೆ ಕರಾರಿನಲ್ಲಿ, ಬ್ಯಾಂಕ್ ಖಾತೆಯಲ್ಲಿ, ಕರೆಂಟ್ ಬಿಲ್ಲಿನಲ್ಲಿ ಅವಳ ಹೆಸರೂ ಸೇರಬೇಕು. ಎರಡು ವರ್ಷದ ನಂತರ ಅಧಿಕಾರಿಯ ಮೇಜಿನ ಮೇಲೆ ಮದುವೆ ನಿಜ ಎಂದು ಹೇಳುವುದು ತಾಳಿಯಲ್ಲ, ಮದುವೆಯ ಆಲ್ಬಮ್ ಒಂದೇ ಅಲ್ಲ, ಇಬ್ಬರ ಹೆಸರೂ ಅಚ್ಚಾದ ಆ ಬಿಲ್ಲುಗಳು. ಎಲ್ಲ ಕಾಗದದ ಒಂದೊಂದು ಪ್ರತಿ ಊರಿನಲ್ಲಿರುವ ಅಣ್ಣನ ಫೋನಿನಲ್ಲಿ ಇರಬೇಕು, ಕಾರ್ಡಿನ ಹಿಂದೆ ಮುಂದೆ ಎರಡೂ ಬದಿಯ ಚಿತ್ರ ಸಹಿತ. ಕಾರ್ಡಿನ ಮೇಲಿನ ಕೊನೆಯ ತಾರೀಖಿನಿಂದ ಹಿಂದಕ್ಕೆ ತೊಂಬತ್ತು ದಿನ ಎಣಿಸಿ, ಆ ದಿನವನ್ನು ಅಣ್ಣನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಬೇಕು.